ಬತ್ತಿ ಒದ್ದೆ ಮಾಡುವ ಹೊತ್ತು

ಜನವರಿ ಹದಿನೈದರ ಬೆಳಿಗ್ಗೆ ಏಳು ಹತ್ತಕ್ಕೆ ಪ್ರಾರ್ಥನಾಳ ಫೋನಿಗೆ ಬಂದ ಫೋಟೊದಲ್ಲಿ ಮತ್ತೆ ಸೊನ್ನೆಯೇ ಇತ್ತು. ರಾತ್ರಿ ಒಂಬತ್ತಕ್ಕೆ ಸೊನ್ನೆ, ಹನ್ನೆರಡಕ್ಕೆ ಸೊನ್ನೆ, ಮೂರಕ್ಕೆ ಸೊನ್ನೆ ದಶಾಂಶ ಒಂದು, ಐದಕ್ಕೆ ಸೊನ್ನೆ. ಕೆಳಗೆ ಹಿಂದಿಯಲ್ಲಿ ಒಂದೇ ಸಾಲು: ‘ಯಂತ್ರ ಓಡಿಸಿಲ್ಲ.’ ಸಹಿ ಪಂಪ್ ಆಪರೇಟರ್ ಸೆಮ್ವಾಲ್‌ನದು.

ಆ ತಿಂಗಳಲ್ಲಿ ಇದು ಐದನೆಯ ರಾತ್ರಿ. ಎಂಟು, ಒಂಬತ್ತು, ಹನ್ನೆರಡು, ಹದಿಮೂರು, ಹದಿನಾಲ್ಕು. ಐದೂ ರಾತ್ರಿ ಹಿಮ ಮಾಡಲು ತಕ್ಕಷ್ಟು ಚಳಿ ಇರುತ್ತದೆಂದು ಅವಳು ಹಿಂದಿನ ದಿನವೇ ಲೆಕ್ಕ ಹಾಕಿ ಬರೆದು ಕಳಿಸಿದ್ದಳು. ಐದೂ ರಾತ್ರಿ ಸಿಲಾಖಾಲ್‌ನ ನಾಲ್ಕು ಯಂತ್ರಗಳು ಸುಮ್ಮನೆ ನಿಂತಿದ್ದವು.

ಸಿಲಾಖಾಲ್ ಗಢವಾಲದ ಒಂದು ಸ್ಕೀ ಇಳಿಜಾರು. ಎರಡು ಸಾವಿರದ ಏಳುನೂರು ಮೀಟರ್ ಎತ್ತರದಲ್ಲಿದ್ದರೂ ಆ ಚಳಿಗಾಲದಲ್ಲಿ ಅಲ್ಲಿ ಒಂದು ಬೆರಳಿನಷ್ಟೂ ಹಿಮ ಬಿದ್ದಿರಲಿಲ್ಲ. ಫೆಬ್ರವರಿ ಎರಡಕ್ಕೆ ರಾಷ್ಟ್ರಮಟ್ಟದ ಸ್ಪರ್ಧೆ ನಿಗದಿಯಾಗಿತ್ತು. ಆಕಾಶ ಕೊಡದ ಹಿಮವನ್ನು ಯಂತ್ರ ಕೊಡಬೇಕು. ಕೊಳದ ನೀರನ್ನು ಪಂಪಿನಿಂದ ಎತ್ತಿ ದೊಡ್ಡ ಫ್ಯಾನಿನ ಮುಂದೆ ಸಣ್ಣ ಹನಿಗಳಾಗಿ ಚಿಮ್ಮಿಸಿದರೆ, ನೆಲ ಮುಟ್ಟುವುದರೊಳಗೆ ಹನಿ ಹೆಪ್ಪುಗಟ್ಟುತ್ತದೆ. ಅದಕ್ಕೆ ಗಾಳಿ ತಣ್ಣಗಿದ್ದರೆ ಸಾಲದು, ಒಣಗಿಯೂ ಇರಬೇಕು. ಎರಡನ್ನೂ ಒಟ್ಟಿಗೆ ಅಳೆಯಲು ಥರ್ಮಾಮೀಟರಿನ ಬುಡಕ್ಕೆ ತೆಳು ಬಟ್ಟೆಯ ಬತ್ತಿ ಸುತ್ತಿ ಒದ್ದೆ ಮಾಡುತ್ತಾರೆ. ನೀರು ಆರುತ್ತ ಹೋದಂತೆ ಪಾದರಸ ಇಳಿಯುತ್ತದೆ. ಇಳಿದು ನಿಂತ ಅಂಕಿಗೆ ವೆಟ್ ಬಲ್ಬ್ ಎಂದು ಹೆಸರು. ಅದು ಸೊನ್ನೆಗಿಂತ ಎರಡೂವರೆ ಡಿಗ್ರಿ ಕೆಳಗಿದ್ದರೆ ಯಂತ್ರ ಓಡಿಸಬಹುದು. ಇಲ್ಲದಿದ್ದರೆ ಇಳಿಜಾರು ಕೆಸರಾಗುತ್ತದೆ, ಅಷ್ಟೆ.

ಯಂತ್ರಗಳ ಸ್ವಯಂಚಾಲಿತ ಮಾಪಕ ಅಕ್ಟೋಬರಿನಲ್ಲಿ ಕೆಟ್ಟಿತ್ತು. ಬಿಡಿಭಾಗ ಬರುವುದು ಮಾರ್ಚಿಗೆ. ಸ್ಪರ್ಧೆಯ ಆಯೋಜಕ ಸಮಿತಿಯ ಕಾರ್ಯದರ್ಶಿ ಬನಾರಸಿನ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿನ ಕೃಷಿ ಹವಾಮಾನ ವಿಭಾಗದ ಸಹಾಯ ಕೇಳಿದರು. ಕೆಲಸ ಪ್ರಾರ್ಥನಾಳಿಗೆ ಬಂತು. ದಾವಣಗೆರೆಯ ಅವಳು ಆ ವಿಭಾಗಕ್ಕೆ ಸೇರಿ ಆರು ವರ್ಷವಾಗಿತ್ತು. ನವೆಂಬರಿನಲ್ಲಿ ಮೂರು ದಿನ ಸಿಲಾಖಾಲ್‌ಗೆ ಹೋಗಿ, ಬಿಳಿ ಮರದ ಪೆಟ್ಟಿಗೆಯಲ್ಲಿ ಥರ್ಮಾಮೀಟರುಗಳನ್ನು ಕೂರಿಸಿ, ಓದುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ ಬಂದಿದ್ದಳು.

“ಅಕ್ಕಾ! ರಾತ್ರಿ ಮಷೀನ್ ಚಾಲೂ ಆತಾ?”

ಭವಾನಿ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬನಾರಸಿನ ಶಿವಾಲ ಬಡಾವಣೆಯ ಈ ಮನೆಯ ಕೆಳಗಿನ ಅಂತಸ್ತಿನಲ್ಲಿ ಅವಳ ಸಂಸಾರ, ಮೇಲೆ ಬಾಡಿಗೆಗೆ ಪ್ರಾರ್ಥನಾ. ಭವಾನಿಯ ತಂದೆ ಗುರುಶಾಂತಯ್ಯ ಇಲ್ಲಿನ ಒಂದು ಮಠದ ಯಾತ್ರಿನಿವಾಸ ನೋಡಿಕೊಳ್ಳುತ್ತಾರೆ, ಕಲಬುರಗಿ ಕಡೆಯವರು. ಮಗಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಬೆಳಗಿನ ವ್ಯಾಯಾಮಕ್ಕೆ ಘಾಟಿನ ಮೆಟ್ಟಿಲುಗಳನ್ನು ನಲವತ್ತು ಸಲ ಹತ್ತಿ ಇಳಿದು ಬಂದಿದ್ದಳು. ಮಂಜಿನಲ್ಲಿ ಅವಳ ಉಣ್ಣೆ ಟೋಪಿ ತೊಯ್ದಿತ್ತು.

“ಇಲ್ಲ.”

“ಇವತ್ತೂ ಇಲ್ಲಾ?”

“ಸೊನ್ನೆ ಅಂತ ಬರೆದಿದ್ದಾನೆ.”

“ಅವ್ನಿಗೆ ಸೊನ್ನೆ ಬಿಟ್ಟ್ರ ಬ್ಯಾರೆ ಗಿನತಿ ಬರೂದಿಲ್ಲೇನು?” ಭವಾನಿ ಟೋಪಿ ತೆಗೆದು ಹಿಂಡಿದಳು. “ಇನ್ನ ಹತ್ತ ದಿನಕ್ಕ ಇನ್‌ಸ್ಪೆಕ್ಷನ್ ಅದ ಅಕ್ಕಾ. ಚಾರ್ ಸೌ ಮೀಟರ್ ಬೇಕು. ಈಗ ಎಷ್ಟದ? ಒಂದ ಮೀಟರ್ ಭೀ ಇಲ್ಲ.”

ಜನವರಿ ಇಪ್ಪತ್ತೈದಕ್ಕೆ ತಪಾಸಣೆ. ನಾನೂರು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ನಲವತ್ತು ಸೆಂಟಿಮೀಟರ್ ದಪ್ಪ ಹಿಮ ಇದ್ದರೆ ಮಾತ್ರ ಜೂನಿಯರ್ ಸ್ಪರ್ಧೆ. ನಾಲ್ಕು ಯಂತ್ರ ಒಂದು ರಾತ್ರಿ ಓಡಿದರೆ ಸುಮಾರು ಎಪ್ಪತ್ತೈದು ಮೀಟರ್ ಮುಗಿಯುತ್ತದೆ. ಆರು ರಾತ್ರಿ ಬೇಕು. ಐದು ಕಳೆದುಹೋಗಿದ್ದವು.

ಹದಿಮೂರನೆಯ ವಯಸ್ಸಿನಲ್ಲಿ ಎನ್‌ಸಿಸಿ ಶಿಬಿರಕ್ಕೆ ಹೋದಾಗ ಭವಾನಿ ಸ್ಕೀ ಕಲಿತಿದ್ದಳು. ಗಂಗೆಯ ದಡದಿಂದ ಬಂದ ಹುಡುಗಿಗೆ ರಾಜ್ಯ ತಂಡದಲ್ಲಿ ಜಾಗ ಸಿಕ್ಕಿತು, ಏಕೆಂದರೆ ಉತ್ತರ ಪ್ರದೇಶದ ತಂಡದಲ್ಲಿ ಜಾಗ ಖಾಲಿಯೇ ಇರುತ್ತಿತ್ತು. ಸ್ಪರ್ಧೆಯಲ್ಲಿ ಮಾತ್ರ ಇಂಥ ತಂಡದವರಿಗೆ ಕೊನೆಯ ಸರದಿ. ಎರಡು ವರ್ಷದ ಹಿಂದೆ, ಆಕಾಶದಿಂದ ಬಿದ್ದ ಮೆತ್ತನೆಯ ಹಿಮದ ಮೇಲೆ ಅವಳು ಇಳಿದದ್ದು ನಲವತ್ತೊಂದನೆಯವಳಾಗಿ. ಮೊದಲ ಹತ್ತು ಮಂದಿ ರೇಷ್ಮೆಯ ಮೇಲೆ ಜಾರಿದಂತೆ ಹೋಗಿದ್ದರು. ಅವಳ ಸರದಿ ಬರುವಷ್ಟರಲ್ಲಿ ಪ್ರತಿ ತಿರುವೂ ಉತ್ತ ಹೊಲವಾಗಿತ್ತು. ತಿರುವು ಗುರುತಿಸಲು ನೆಟ್ಟ ಆರನೆಯ ಕಂಬದ ಬಳಿ ಬಿದ್ದಳು.

ಕಳೆದ ವರ್ಷ ಸಿಲಾಖಾಲ್‌ನಲ್ಲಿ ಯಂತ್ರದ ಹಿಮವಿತ್ತು. ಆ ಹಿಮದ ಕಣ ದುಂಡಗಿರುತ್ತದೆ, ಒತ್ತಿದರೆ ಕಾಂಕ್ರೀಟಿನಂತೆ ಕೂರುತ್ತದೆ. ದೊಡ್ಡ ತಂಡದವರು ಗೊಣಗಿದರು: ಕಲ್ಲಿನಂತಿದೆ, ಬಿದ್ದರೆ ಮೂಳೆ ಮುರಿಯುತ್ತದೆ, ಬೋಳು ಗುಡ್ಡದ ನಡುವೆ ಬಿಳಿ ಪಟ್ಟಿ ಎಳೆದಂತೆ ಕಾಣುತ್ತದೆ, ಇದೂ ಒಂದು ಸ್ಕೀಯೇ ಎಂದರು. ಭವಾನಿ ಗೊಣಗಲಿಲ್ಲ. ಮೂವತ್ತೆಂಟನೆಯವಳಾಗಿ ಇಳಿದಾಗ ಇಳಿಜಾರು ಮೊದಲನೆಯವಳಿಗೆ ಇದ್ದಂತೆಯೇ ಇತ್ತು. ಒಂಬತ್ತನೆಯ ಸ್ಥಾನ ಬಂತು. ಮೊದಲ ಆರು ಮಂದಿಗೆ ರಾಷ್ಟ್ರೀಯ ತರಬೇತಿ ಶಿಬಿರ. ಆಮೇಲಿನ ಹನ್ನೊಂದು ತಿಂಗಳು ಅವಳು ಗಟ್ಟಿ ಹಿಮಕ್ಕೆಂದೇ ತಯಾರಾದಳು. ಟೆರೇಸಿನ ಮೇಲೆ ಕೂತು ಸ್ಕೀಗಳ ಉಕ್ಕಿನ ಅಂಚನ್ನು ಅರದಿಂದ ಉಜ್ಜುವುದು, ಭಾನುವಾರ ಬೆಳಿಗ್ಗೆ ಕಂಟೋನ್ಮೆಂಟಿನ ಅಗಲ ರಸ್ತೆಯಲ್ಲಿ ಚಕ್ರದ ಶೂ ಹಾಕಿಕೊಂಡು ತಿರುವುಗಳನ್ನು ಕಲಿಯುವುದು. ಈ ಸ್ಪರ್ಧೆ ತಪ್ಪಿದರೆ ವಯಸ್ಸು ಮೀರುತ್ತದೆ. ಸೀನಿಯರ್ ವಿಭಾಗಕ್ಕೆ ಅವಳ ರಾಜ್ಯ ತಂಡ ಕಳಿಸುವುದೇ ಇಲ್ಲ.

ಪ್ರಾರ್ಥನಾ ಸೆಮ್ವಾಲ್‌ಗೆ ಫೋನು ಹಚ್ಚಿದಳು. ಮಾತು ಹಿಂದಿಯಲ್ಲಿ ನಡೆಯಿತು.

“ಸೆಮ್ವಾಲ್ ಜೀ, ಐದು ರಾತ್ರಿ, ಇಪ್ಪತ್ತು ಸಲ, ಬರೀ ಸೊನ್ನೆ. ಪಾದರಸ ನಿಮ್ಮ ಮಾತು ಕೇಳುತ್ತಾ?”

“ನನ್ನ ಮಾತು ಮನೆಯಲ್ಲಿ ನಾಯಿ ಕೇಳಲ್ಲ ಮೇಡಂಜೀ, ಪಾದರಸ ಕೇಳುತ್ತಾ? ಕಂಡದ್ದು ಬರೆದಿದ್ದೀನಿ.”

“ನೀವು ಪೆಟ್ಟಿಗೆ ತನಕ ಹೋಗೋದೇ ಇಲ್ಲ. ರೂಮಿನಲ್ಲಿ ಕೂತು ಬರೀತೀರಿ. ಡೀಸೆಲ್ ಉಳೀತು ಅಂತ ಮೇಲಿನವರಿಗೆ ಖುಷಿ, ನಿದ್ದೆ ಆಯ್ತು ಅಂತ ನಿಮಗೆ ಖುಷಿ.”



“ಮೇಡಂಜೀ, ಒಂದು ಮಾತು ಹೇಳಲಾ? ನೀರು ಹಚ್ಚಿದ ಮೇಲೆ ಪಾದರಸ ಮೇಲಕ್ಕೆ ಹತ್ತುತ್ತೆ. ಹಚ್ಚೋಕೆ ಮುಂಚೆ ಕೆಳಗಿರುತ್ತೆ. ಮೊದಲನೇ ರಾತ್ರಿಯೇ ನಿಮಗೆ ಹೇಳಿದ್ದೆ.”

“ನೀರು ಹಚ್ಚಿದರೆ ಇಳೀಬೇಕು, ಹತ್ತೋದಲ್ಲ. ಇದು ಹೈಸ್ಕೂಲಿನ ಪಾಠ. ಈಗಲೂ ಅಲ್ಲಿ ಚಳಿ ಇದೆಯಲ್ಲ? ಈಗಲೇ ಹೋಗಿ. ನೀವು ಓದೋದನ್ನ ಪೂರ್ತಿ ವೀಡಿಯೊ ಮಾಡಿ ಕಳಿಸಿ. ಮುಖವೂ ಕಾಣಬೇಕು.”

ವೀಡಿಯೊ ಇಪ್ಪತ್ತೈದು ನಿಮಿಷದಲ್ಲಿ ಬಂತು. ಅಷ್ಟರಲ್ಲಿ ಕೆಳಗಿನಿಂದ ಭವಾನಿಯ ತಾಯಿ ಸಂಗಮ್ಮ ತಟ್ಟೆ ಹಿಡಿದು ಬಂದಿದ್ದರು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬದನೆಕಾಯಿ ಪಲ್ಯ.

“ಏನ್ರಿ ಪ್ರಾರ್ಥನಾ, ಹಬ್ಬದ ದಿನ ಮುಂಜಾನೆನೇ ಯಾರಿಗೆ ಬೈಲಿಕತ್ತೀರಿ? ಕೆಳಗ ನಮ್ಮ ಯಜಮಾನ್ರು ಪೂಜಿ ಬಿಟ್ಟು ಕಿವಿ ಮ್ಯಾಲೆ ಮಾಡ್ಯಾರ.”

“ಹಿಮ ಮಾಡೋರಿಗೆ.”

“ನಮ್ಮ ಫ್ರಿಜ್‌ನಾಗ ಬ್ಯಾಡ ಅಂದ್ರೂ ಗುಡ್ಡದಷ್ಟು ಕಟ್ತದ. ಹಿಮಾಲಯದಾಗ ಆಗವಲ್ದಂತ. ನನ್ನ ಫ್ರಿಜ್ ಒಯ್ರಿ ಅನ್ರಿ ಅವ್ರಿಗೆ.”

ಪ್ರಾರ್ಥನಾ ನಗಲಿಲ್ಲ. ವೀಡಿಯೊ ನೋಡುತ್ತಿದ್ದಳು. ಸೆಮ್ವಾಲ್ ಮೊದಲು ಫೋನನ್ನು ತನ್ನ ಕಡೆ ತಿರುಗಿಸಿ ಮುಖ ತೋರಿಸಿದ. ಐವತ್ತರ ಆಸುಪಾಸು, ಮಂಕಿ ಕ್ಯಾಪು, ಸಿಟ್ಟಿಗೆ ಬಿಗಿದ ತುಟಿ. ಆಮೇಲೆ ಪೆಟ್ಟಿಗೆಯ ಬಾಗಿಲು ತೆಗೆದ. ಒಳಗೆ ಎರಡು ಥರ್ಮಾಮೀಟರು. ಒಂದಕ್ಕೆ ಬತ್ತಿ ಇಲ್ಲ. ಅದರಲ್ಲಿ ಸೊನ್ನೆಗಿಂತ ಮೂರು ದಶಾಂಶ ನಾಲ್ಕು ಕೆಳಗೆ. ಇನ್ನೊಂದರ ಬತ್ತಿಗೆ ಅವನು ಥರ್ಮಾಸಿನ ನೀರನ್ನು ಬ್ರಷ್ಷಿನಿಂದ ಎರಡು ಸಲ ಸವರಿದ. ಫೋನು ಹತ್ತಿರ ತಂದ. ಪಾದರಸ ಏರಿ, ಸೊನ್ನೆಯ ಗೆರೆ ಮುಟ್ಟಿ, ಅಲ್ಲೇ ನಿಂತಿತು.

“ನೋಡಿ ಮೇಡಂಜೀ, ಸೊನ್ನೆ,” ಎಂದ. ಬಾಗಿಲು ಮುಚ್ಚುವಾಗ ಅಂಟಿಸಿದ್ದ ಹಾಳೆ ಕಾಣಿಸಿತು. ಅವಳದೇ ಹಾಳೆ. ನಾಲ್ಕನೆಯ ಅಂಶ: ‘ಬತ್ತಿಯ ಕೆಳಗಿನ ನೀರಿನ ಸೀಸೆ ಹೆಪ್ಪುಗಟ್ಟುವುದರಿಂದ ಅದನ್ನು ತೆಗೆದಿಡಬೇಕು. ಪ್ರತಿ ಸಲ ಓದುವ ಮುನ್ನ, ಆಗಲೇ, ಬತ್ತಿಯನ್ನು ಚೆನ್ನಾಗಿ ಒದ್ದೆ ಮಾಡಬೇಕು.’

ಅವಳು ವೀಡಿಯೊವನ್ನು ಮೂರು ಸಲ ನೋಡಿದಳು. ಬತ್ತಿ ಇಲ್ಲದ್ದು ಮೂರು ದಶಾಂಶ ನಾಲ್ಕು ಕೆಳಗೆ ಇರುವಾಗ ಬತ್ತಿ ಇರುವುದು ಅದಕ್ಕಿಂತ ಮೇಲಿರಲು ಸಾಧ್ಯವಿಲ್ಲ. ಪುಸ್ತಕದ ಪ್ರಕಾರ ಇಲ್ಲ, ಪ್ರಕೃತಿಯ ಪ್ರಕಾರವೂ ಇಲ್ಲ. ಈ ಎರಡೂ ಅಂಕಿ ಅಕ್ಕಪಕ್ಕ ಇದ್ದಿದ್ದರೆ ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಸೆಮ್ವಾಲ್‌ಗೆ ಸುಲಭವಾಗಲೆಂದು, ಅವನು ತುಂಬಿ ಕಳಿಸುವ ಫಾರಂನಲ್ಲಿ ಅವಳು ಒಂದೇ ಕಾಲಂ ಇಟ್ಟಿದ್ದಳು.

“ಸಂಗಮ್ಮನೋರೆ, ನಿಮ್ಮ ಫ್ರಿಜ್ ಬೇಕು.”

“ಅಯ್ಯ, ನಾ ನಗೀಗೆ ಅಂದಿನ್ರಿ!”

ಮನೆಯಲ್ಲಿದ್ದ ಒಂದು ಹಳೆಯ ಥರ್ಮಾಮೀಟರಿಗೆ ಬ್ಯಾಂಡೇಜಿನ ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿ, ಅವಳು ಫ್ರೀಜರಿನಲ್ಲಿ ಬಟಾಣಿ ಪೊಟ್ಟಣಕ್ಕೆ ಒರಗಿಸಿ ಇಟ್ಟಳು. ಭವಾನಿ ಫೋನಿನಲ್ಲಿ ನಿಮಿಷ ಎಣಿಸಿದಳು. ಪ್ರತಿ ನಿಮಿಷಕ್ಕೊಮ್ಮೆ ಬಾಗಿಲು ಚೂರು ತೆರೆದು ನೋಡುವುದು.

“ಎಷ್ಟದ?”

“ನಾಲ್ಕು. ಈಗ ಎರಡು. ಈಗ ಸೊನ್ನೆ.”

ಮೂರನೆಯ ನಿಮಿಷ ಸೊನ್ನೆ. ಐದನೆಯ ನಿಮಿಷ ಸೊನ್ನೆ. ಒಂಬತ್ತನೆಯ ನಿಮಿಷವೂ ಸೊನ್ನೆ. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಶಾಖ ಬಿಟ್ಟುಕೊಡುತ್ತದೆ. ಕೊನೆಯ ಹನಿ ಗಟ್ಟಿಯಾಗುವ ತನಕ ಪಾದರಸ ಅಲ್ಲಾಡುವುದಿಲ್ಲ, ಸುತ್ತ ಎಷ್ಟೇ ಚಳಿಯಿರಲಿ. ಹನ್ನೆರಡನೆಯ ನಿಮಿಷಕ್ಕೆ ಅದು ಇಳಿಯತೊಡಗಿತು. ಇಪ್ಪತ್ತನೆಯದಕ್ಕೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿತ್ತು.

ಬನಾರಸಿನಲ್ಲಿ ಯಾರೂ ಇಷ್ಟು ಕಾಯುವುದಿಲ್ಲ. ಇಲ್ಲಿ ಬತ್ತಿ ಎಂದೂ ಹೆಪ್ಪುಗಟ್ಟಿಲ್ಲ. ಮೇ ತಿಂಗಳ ಲೂ ಎಂಬ ಬಿಸಿಗಾಳಿಯಲ್ಲಿ ಬತ್ತಿ ನಿಮಿಷಾರ್ಧದಲ್ಲಿ ಒಣಗುತ್ತದೆ. ಅದಕ್ಕೇ ವಿಭಾಗದ ವೀಕ್ಷಣಾಲಯದಲ್ಲಿ ಪ್ರತಿ ವರ್ಷದ ವಿದ್ಯಾರ್ಥಿಗಳಿಗೂ ಅವಳು ಒಂದೇ ಮಾತು ಹೇಳಿಕೊಟ್ಟಿದ್ದಳು: ನೀರು ಹಾಕು, ಆಗಲೇ ಓದು. ಸಿಲಾಖಾಲ್‌ನಲ್ಲಿ ಸೀಸೆ ಹೆಪ್ಪುಗಟ್ಟುತ್ತದೆಂದು ಅವಳಿಗೆ ಹೊಳೆದಿತ್ತು. ಬತ್ತಿ ಹೆಪ್ಪುಗಟ್ಟುತ್ತದೆಂದು ಹೊಳೆದಿರಲಿಲ್ಲ. ಹಿಮಪ್ರದೇಶದವರು ಓದುವುದಕ್ಕೆ ಅರ್ಧ ಗಂಟೆ ಮುಂಚೆ ಒದ್ದೆ ಮಾಡಿ ಬಿಟ್ಟಿರುತ್ತಾರೆ. ಅದು ಕೈಪಿಡಿಯಲ್ಲಿ ಇದೆ. ಆ ಪುಟವನ್ನು ಓದುವ ಅಗತ್ಯ ಅವಳಿಗೆ ಆರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಭವಾನಿ ಫ್ರೀಜರಿನ ಬಾಗಿಲು ಮುಚ್ಚಿದಳು.

“ಮತಲಬ್, ಐದು ರಾತ್ರಿ ಅಲ್ಲಿ ಥಂಡಿ ಇತ್ತು.”

“ಇತ್ತು.”

“ಮಷೀನ್ ಠೀಕ್ ಇತ್ತು. ನೀರೂ ಇತ್ತು.”

“ಇತ್ತು.”

“ಆಮ್ಯಾಗ ಅಂವಾ ಝೂಟ್ ಹೇಳಿಲ್ಲ.”

“ಇಲ್ಲ.”

“ಹಂಗ ಒದ್ದಿ ಮಾಡ್ರಿ ಅಂತ ಕಾಗದದಾಗ ಬರದವ್ರು ಯಾರಕ್ಕಾ?”

ಸಂಗಮ್ಮ ಮಗಳ ತೋಳು ಹಿಡಿದರು. “ಭವಾನಿ, ಹಬ್ಬದ ದಿನ...”

“ನಾನು,” ಎಂದಳು ಪ್ರಾರ್ಥನಾ.

ಮೇಲೆ ಹೋಗಿ ಸೆಮ್ವಾಲ್‌ಗೆ ಫೋನು ಮಾಡಿದಳು. ತಪ್ಪು ತನ್ನದೆಂದಳು. ಅರ್ಧ ಗಂಟೆ ಮುಂಚೆ ಒದ್ದೆ ಮಾಡಬೇಕು, ತೆಳುವಾಗಿ, ತಣ್ಣೀರಿನಲ್ಲಿ, ಹೆಪ್ಪುಗಟ್ಟಿ ಪಾದರಸ ಇಳಿದು ನಿಂತ ಮೇಲೆ ಓದಬೇಕು ಎಂದಳು. ಸೆಮ್ವಾಲ್ ಬರೆದುಕೊಂಡ.

“ಹಾಗಾದರೆ ಸುಳ್ಳು ಬರೆದವನು ನಾನಲ್ಲ?”

“ಅಲ್ಲ.”

“ಇದನ್ನ ನನ್ನ ಸಾಹೇಬರಿಗೂ ಹೇಳಿ. ನೀವು ಅವರಿಗೂ ಹಾಗೇ ಹೇಳಿದ್ರಿ.”

ಹೇಳಿದ್ದಳು. ಎರಡು ಸಲ. ಈಗ ಮೂರನೆಯ ಸಲ ಫೋನು ಮಾಡಿ ತಿದ್ದಬೇಕಾಯಿತು. ಸಾಹೇಬರು “ಅಚ್ಛಾ ಅಚ್ಛಾ” ಎಂದು ಇಟ್ಟರು.

ಅಂದಿನ ರಾತ್ರಿ ವೆಟ್ ಬಲ್ಬ್ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಬಂತು. ನಾಲ್ಕೂ ಯಂತ್ರ ಒಂಬತ್ತು ಗಂಟೆ ಓಡಿದವು. ಹದಿನಾರರ ಬೆಳಿಗ್ಗೆ ಸೆಮ್ವಾಲ್ ಕಳಿಸಿದ ವೀಡಿಯೊದಲ್ಲಿ ಕಂದು ಗುಡ್ಡದ ಮೈಮೇಲೆ ತಿಮಿಂಗಿಲದ ಬೆನ್ನಿನಂಥ ನಾಲ್ಕು ಬಿಳಿ ರಾಶಿಗಳಿದ್ದವು, ಫ್ಯಾನುಗಳ ಸದ್ದಿಗೆ ಅವನ ಮಾತು ಕೇಳಿಸುತ್ತಿರಲಿಲ್ಲ. ಭವಾನಿ ವೀಡಿಯೊವನ್ನು ನಿಲ್ಲಿಸಿ, ದೊಡ್ಡದು ಮಾಡಿ, ರಾಶಿಯ ಅಂಚನ್ನು ನೋಡಿದಳು. “ಮಸ್ತ್ ಗಟ್ಟಿ ಅದ. ಸ್ಕೀ ಎಜ್ ಹಿಡೀತದ,” ಎಂದಳು. ಪ್ರಾರ್ಥನಾಳ ಮುಖ ನೋಡಿ ಹೇಳಲಿಲ್ಲ, ಫೋನಿಗೆ ಹೇಳಿದಳು.

ಹದಿನಾರರ ರಾತ್ರಿಯೂ ಓಡಿದವು. ನೂರೈವತ್ತು ಮೀಟರ್ ಆಯಿತು.

ಹದಿನೇಳರಂದು ಮೋಡ ಬಂತು. ಮೋಡ ಬಂದರೆ ರಾತ್ರಿ ತಣ್ಣಗಾಗುವುದಿಲ್ಲ, ಗಾಳಿ ಒಣಗುವುದಿಲ್ಲ. ಹಿಮವಾದರೂ ಬೀಳಬಹುದಿತ್ತು. ಅದೂ ಬೀಳಲಿಲ್ಲ. ಎಂಟು ದಿನ ಮೋಡ ಅಲ್ಲೇ ಕೂತಿತ್ತು. ಪ್ರಾರ್ಥನಾ ದಿನಕ್ಕೆ ನಾಲ್ಕು ಸಲ ಉಪಗ್ರಹದ ಚಿತ್ರ ತೆಗೆದು ನೋಡಿದಳು. ಚಿತ್ರವನ್ನು ಎಷ್ಟು ಸಲ ತೆಗೆದರೂ ಮೋಡ ಕದಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಸೆಮ್ವಾಲ್ ಈಗ ಎರಡು ಕಾಲಂ ತುಂಬಿಸಿ ಕಳಿಸುತ್ತಿದ್ದ. ಎರಡರಲ್ಲೂ ಸೊನ್ನೆಗಿಂತ ಮೇಲಿನ ಅಂಕಿ. ಈ ಸಲ ಅವು ಸರಿಯಾದ ಅಂಕಿಗಳೇ.

ಇಪ್ಪತ್ತೈದರ ತಪಾಸಣೆಯ ಮರುದಿನ ಸಮಿತಿಯ ಪ್ರಕಟಣೆ ಬಂತು. ‘ಪ್ರತಿಕೂಲ ಹವಾಮಾನದ ಕಾರಣ ಜೂನಿಯರ್ ವಿಭಾಗದ ಎಲ್ಲ ಸ್ಪರ್ಧೆಗಳನ್ನು ರದ್ದುಪಡಿಸಲಾಗಿದೆ. ಸೀನಿಯರ್ ವಿಭಾಗಕ್ಕೆ ನೂರೈವತ್ತು ಮೀಟರಿನ ಕಿರು ಸ್ಪರ್ಧೆ ನಡೆಯಲಿದೆ.’

ಭವಾನಿ ಆ ದಿನ ಒಂದೇ ಪ್ರಶ್ನೆ ಕೇಳಿದಳು.

“ಆ ಐದು ರಾತ್ರಿ ಚಲಾಯಿಸಿದ್ರ ನನ್ನ ರೇಸ್ ಆಗ್ತಿತ್ತಾ?”

ಈ ಲೆಕ್ಕವನ್ನು ಪ್ರಾರ್ಥನಾ ಆಗಲೇ ಹಾಕಿದ್ದಳು. ಐದು ಮತ್ತು ಎರಡು, ಏಳು ರಾತ್ರಿ. ಏಳು ಎಪ್ಪತ್ತೈದು ಐನೂರ ಇಪ್ಪತ್ತೈದು. ಬೇಕಾದದ್ದು ನಾನೂರು.

“ಆಗ್ತಿತ್ತು.”

ಭವಾನಿ ಕೆಳಗೆ ಹೋದಳು. ಅಂದಿನಿಂದ ಮಾತು ನಿಂತಿತು. ಮೆಟ್ಟಿಲ ಮೇಲೆ ಎದುರಾದರೆ ಗೋಡೆ ಕಡೆ ಸರಿದು ದಾರಿ ಬಿಡುತ್ತಿದ್ದಳು, ಅಪರಿಚಿತರಿಗೆ ಬಿಡುವಂ‌ತೆ. ಸಂಗಮ್ಮ ಮಾತ್ರ ಎಂದಿನಂತೆ ರೊಟ್ಟಿ ತಂದು ಕೊಡುತ್ತಿದ್ದರು. “ಅಕಿ ಸಿಟ್ಟು ಅಕೀದು, ನನ್ನ ರೊಟ್ಟಿ ನಂದು. ತಗೋರಿ.”

ಸಮಿತಿಯ ನಿಯಮಾವಳಿಯನ್ನು ಪ್ರಾರ್ಥನಾ ಅಂದೇ ಓದಿದಳು, ಮೂವತ್ತೆರಡು ಪುಟ. ಹನ್ನೊಂದನೆಯ ನಿಯಮ ಹೀಗಿತ್ತು: ಹವಾಮಾನದಿಂದ ಸ್ಪರ್ಧೆ ರದ್ದಾದರೆ ವಯಸ್ಸಿನ ರಿಯಾಯಿತಿ ಇಲ್ಲ, ಆಯೋಜಕರ ಲೋಪದಿಂದ ರದ್ದಾದರೆ ಬಾಧಿತ ಸ್ಪರ್ಧಿಗೆ ಒಂದು ವರ್ಷದ ರಿಯಾಯಿತಿ. ಭವಾನಿಗೆ ಉಳಿದಿದ್ದ ದಾರಿ ಇದೊಂದೇ. ಹವಾಮಾನ ಸರಿಯಿತ್ತು, ಲೋಪ ನಮ್ಮದು ಎಂದು ಯಾರಾದರೂ ಬರೆದುಕೊಡಬೇಕು.

ಪತ್ರದ ಕರಡನ್ನು ವಿಭಾಗದ ಮುಖ್ಯಸ್ಥ ಚಿದಾನಂದರಿಗೆ ತೋರಿಸಿದಳು. ಮೈಸೂರಿನವರು, ಅವಳನ್ನು ಇಲ್ಲಿಗೆ ಕರೆಸಿಕೊಂಡವರು. ಅವರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು.

“ನೋಡಮ್ಮ, ಹವಾಮಾನ ಸರಿ ಇರಲಿಲ್ಲ ಅಂತ ಅವರೇ ಬರ್ಕೊಂಡಿದಾರೆ. ಎಲ್ಲರೂ ಒಪ್ಪಿದಾರೆ. ನೀನ್ಯಾಕೆ ಮಧ್ಯೆ ಹೋಗಿ ಹವಾಮಾನದ ಪರ ವಕಾಲತ್ತು ಹಾಕ್ತೀಯ?”

“ಸರ್, ಹವಾಮಾನ ಸರಿ ಇತ್ತು.”

“ಇತ್ತು, ನಾನು ಇಲ್ಲ ಅಂದ್ನಾ? ಆದ್ರೆ ಹವಾಮಾನದ ಮೇಲೆ ಹಾಕಿದ್ರೆ ಅದು ಬಂದು ಜಗಳ ಆಡಲ್ಲ. ನಿನ್ನ ಮೇಲೆ ಹಾಕ್ಕೊಂಡ್ರೆ, ಥರ್ಮಾಮೀಟರ್ ಓದೋಕೆ ಬರಲ್ಲ ಇವರಿಗೆ ಅಂತಾರೆ. ನಿನಗಲ್ಲ, ವಿಭಾಗಕ್ಕೆ.”

“ಬರಲಿಲ್ಲವಲ್ಲ ಸರ್.”

ಚಿದಾನಂದರು ಕಾಗದ ವಾಪಸು ಕೊಟ್ಟರು. “ವಿಭಾಗದ ಲೆಟರ್‌ಹೆಡ್‌ನಲ್ಲಿ ಬೇಡ. ನಿನ್ನ ಹೆಸರಲ್ಲಿ ಕಳಿಸು. ನಾನು ನೋಡಿಲ್ಲ.”

ತನ್ನ ಹೆಸರಿನಲ್ಲೇ ಕಳಿಸಿದಳು. ಬತ್ತಿ, ಹೆಪ್ಪು, ಹಾಳೆಯ ನಾಲ್ಕನೆಯ ಅಂಶ, ಎಲ್ಲವನ್ನೂ ಎರಡು ಪುಟದಲ್ಲಿ ವಿವರಿಸಿದಳು. ತನ್ನ ಲೋಪಕ್ಕೆ ವಿಷಾದ ಸೂಚಿಸಿದಳು. ಭವಾನಿಯ ರಿಯಾಯಿತಿ ಅರ್ಜಿಯ ಜೊತೆ ಇದನ್ನು ಓದಬೇಕೆಂದು ಕೋರಿದಳು. ಅರ್ಜಿಗೆ ಗುರುಶಾಂತಯ್ಯ ಸಹಿ ಹಾಕಿದ್ದರು. ಎರಡರ ನಕಲನ್ನೂ ಕೆಳಗೆ ಕೊಟ್ಟು ಬಂದಳು. ಭವಾನಿ ಬಾಗಿಲಿಗೆ ಬರಲಿಲ್ಲ.

ಸಮಿತಿಯ ಉತ್ತರ ಫೆಬ್ರವರಿ ಏಳಕ್ಕೆ ಬಂತು. ಮೂರು ವಾಕ್ಯ. ‘ತಮ್ಮ ಪತ್ರವನ್ನು ಗಮನಿಸಲಾಗಿದೆ. ಆ ಐದು ರಾತ್ರಿಗಳಂದು ವೆಟ್ ಬಲ್ಬ್ ಅಂಕಿಯು ಸೊನ್ನೆ ಇದ್ದುದಾಗಿ ಸಮಿತಿಯ ದಾಖಲೆಯಲ್ಲಿದ್ದು, ಹವಾಮಾನವು ಪ್ರತಿಕೂಲವಾಗಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಆದ್ದರಿಂದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ.’

ಅವಳು ಅದನ್ನು ನಿಂತೇ ಓದಿದಳು, ಕೂತು ಇನ್ನೊಮ್ಮೆ ಓದಿದಳು. ಆ ಸೊನ್ನೆಗಳು ಸುಳ್ಳೆಂದು ಹೇಳಲು ಎರಡು ಪುಟ ಬರೆದಿದ್ದಳು. ಅವರು ಅವೇ ಸೊನ್ನೆಗಳನ್ನು ಎತ್ತಿ ಅವಳ ಮುಂದೆ ಹಿಡಿದಿದ್ದರು. ಕಾರ್ಯದರ್ಶಿಗೆ ಫೋನು ಮಾಡಿದಳು. ಮೀಟಿಂಗಿನಲ್ಲಿದ್ದಾರೆ. ಮಧ್ಯಾಹ್ನ ಮಾಡಿದಳು. ಊಟಕ್ಕೆ ಹೋಗಿದ್ದಾರೆ. ಸಂಜೆ ಮಾಡಿದಾಗ ಗುಮಾಸ್ತ ಬೇಸರದಿಂದ ಕೇಳಿದ: “ಮೇಡಂ, ದಾಖಲೆ ಹೇಳುವುದು ಒಂದು, ನೀವು ಹೇಳುವುದು ಇನ್ನೊಂದು. ಬೇರೆ ದಾಖಲೆ ಇದೆಯಾ?”

ಇರಲಿಲ್ಲ. ಫಾರಂನಲ್ಲಿ ಒಂದೇ ಕಾಲಂ ಇಟ್ಟವಳು ಅವಳೇ. ಹದಿನೈದರ ವೀಡಿಯೊ ಒಂದಿತ್ತು, ಅದು ಒಂದು ಬೆಳಗಿನದು. ಐದು ರಾತ್ರಿಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಎಂಟರ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು. ಭವಾನಿ ನಿಂತಿದ್ದಳು. ಹದಿಮೂರು ದಿನವಾಗಿತ್ತು ಮಾತಾಡಿ. ಒಳಗೆ ಬಾ ಎನ್ನುವ ಮುಂಚೆ ಒಳಗೆ ಬಂದು ಫೋನನ್ನು ಮೇಜಿನ ಮೇಲಿಟ್ಟಳು.

“ನೋಡ್ರಿ ಇದು.”

ರೂಲು ಹಾಕಿದ ನೋಟ್‌ಬುಕ್ಕಿನ ಫೋಟೊಗಳು. ಸೆಮ್ವಾಲ್‌ನ ಅಕ್ಷರ. ಪ್ರತಿ ರಾತ್ರಿಗೂ ಎರಡೆರಡು ಅಂಕಿ. ಒಂದರ ಮೇಲೆ ಹಿಂದಿಯಲ್ಲಿ ‘ಒಣ’, ಇನ್ನೊಂದರ ಮೇಲೆ ‘ಒದ್ದೆ’. ಪುಟದ ಮೂಲೆಯಲ್ಲಿ ಪಂಪ್‌ಹೌಸಿನ ಮೊಹರು.

“ಇದು ಎಲ್ಲಿ ಸಿಕ್ತು?”

“ಅವ್ನಿಗೆ ಫೋನ್ ಮಾಡಿದ್ದೆ. ನಂಬರ್ ನಿಮ್ಮ ಕಾಗದದಾಗ ಇತ್ತಲ್ಲ. ಪಹಲೇ ಅವಾ ಫೌಜ್‌ನಾಗ ಇದ್ದನಂತ. ಮೀಟರಿನ್ಯಾಗ ಎರಡು ಕಾಂಟಾ ಇದ್ರ ಎರಡೂ ಬರೀಬೇಕು ಅಂತ ಅಲ್ಲಿ ಆದತ್ ಆಗ್ಯದಂತ. ನೀವು ಒಂದ ಕೇಳಿದ್ರಿ, ಒಂದ ಕಳಿಸಿದ. ರಜಿಸ್ಟರ್‌ನಾಗ ಎರಡೂ ಅವ.”

“ನನಗ್ಯಾಕೆ ಹೇಳಲಿಲ್ಲ ಅವರು?”

“ನೀವು ಕೇಳೀರೇನು?”

ಪ್ರಾರ್ಥನಾ ಫೋಟೊ ದೊಡ್ಡದು ಮಾಡಿ ಅಂಕಿಗಳನ್ನು ಒಂದೊಂದಾಗಿ ನೋಡಿದಳು. ಐದೂ ರಾತ್ರಿ ‘ಒಣ’ ಕಾಲಂನಲ್ಲಿ ಸೊನ್ನೆಗಿಂತ ಎರಡೂವರೆ ಡಿಗ್ರಿಗೂ ಕೆಳಗಿನ ಅಂಕಿಯೇ ಇತ್ತು. ಒದ್ದೆ ಥರ್ಮಾಮೀಟರು ಒಣದ್ದಕ್ಕಿಂತ ಮೇಲಿರಲು ಸಾಧ್ಯವಿಲ್ಲ. ಬತ್ತಿಯ ಕಥೆಯನ್ನೆಲ್ಲ ಬಿಟ್ಟರೂ ಇದೊಂದೇ ಸಾಕು. ಗುಮಾಸ್ತ ಕೇಳಿದ ಬೇರೆ ದಾಖಲೆ ಇದೇ, ಅವರದೇ ನೌಕರ ಬರೆದದ್ದು, ಅವರದೇ ಮೊಹರು.

“ಭವಾನಿ, ಇದನ್ನ...”

“ನಾ ಸಿಟ್ಟು ಬಿಟ್ಟಿಲ್ಲ,” ಎಂದಳು ಭವಾನಿ ಕುರ್ಚಿ ಎಳೆದುಕೊಳ್ಳುತ್ತ. “ನಿಮಗ ಹಿಂದಿ ಛಲೋ ಬರೀಲಿಕ್ಕೆ ಬರ್ತದ, ಅದಕ್ಕ ಬಂದೀನಿ. ಬರೀರಿ.”

ಪ್ರಾರ್ಥನಾ ಲ್ಯಾಪ್‌ಟಾಪ್ ತೆರೆದಳು. ಸಮಿತಿಯ ಪತ್ರದ ಸಂಖ್ಯೆ, ದಿನಾಂಕ. ಆಮೇಲೆ ಬೆರಳು ತಾವೇ ಹಳೆಯ ವಾಕ್ಯಕ್ಕೆ ಹೋದವು: ‘ನನ್ನ ಲೋಪಕ್ಕಾಗಿ ಮತ್ತೊಮ್ಮೆ ವಿಷಾದಿಸುತ್ತ...’

“ಅದನ್ನ ಅಳಸ್ರಿ.”

“ಇರಲಿ ಬಿಡು, ಮರ್ಯಾದೆಗೆ...”

“ಮಾಫಿ ಮೊದಲ್ನೇ ಲೆಟರ್‌ನಾಗ ಕೇಳೀರಿ. ಅವ್ರು ಓದ್ಯಾರ, ಏನ್ ಉಪಯೋಗ ಆತು? ನೀವು ಮಾಫಿ ಕೇಳಿದ್ರ ತಪ್ಪು ನಿಮ್ದ ಅಂತ ಅಲ್ಲೇ ಖತಮ್ ಮಾಡ್ತಾರ. ತಾರೀಖ್ ಬರೀರಿ. ತಾರೀಖ್, ಟೈಮ್, ನಂಬರ್. ಬಸ್.”

ಅಳಿಸಿದಳು. ಖಾಲಿಯಾದ ಸಾಲಿನಲ್ಲಿ ಬರೆದಳು: ‘ಜನವರಿ ಎಂಟು, ರಾತ್ರಿ ಹನ್ನೆರಡು ಗಂಟೆ, ಒಣ ಥರ್ಮಾಮೀಟರು: ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ.’

ಭವಾನಿ ಫೋನಿನ ಮೇಲೆ ಬೆರಳಿಟ್ಟು ಪರದೆಯೊಂದಿಗೆ ಹೋಲಿಸಿದಳು.

“ಮೂರಲ್ಲ. ಮೂರು ಪಾಯಿಂಟ್ ಒಂದು.”

ಪ್ರಾರ್ಥನಾ ತಿದ್ದಿದಳು.

“ಹಾಂ. ಈಗ ಒಂಬತ್ತನೇ ತಾರೀಖ್.”